ಥ್ಯಾಂಕ್ಯೂ ಬರೆದ ಹುಡುಗಿ

ನಿಪ್ಪಾಣಿ
೯ ಫೆಬ್ರವರಿ ೨೦೨೫

ಪ್ರೀತಿಯ ತಂಗಿ ಚಂಪಾವತಿಗೆ ಅಕ್ಕ ಕಮಲಾಬಾಯಿಯ ಜೈ ಜಿನೇಂದ್ರ.

ನಾವೆಲ್ಲ ಕ್ಷೇಮ. ತಿಳಿಸುವುದು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತು, ಆದರೆ ನೀನು ಅಳಲು ಶುರು ಮಾಡಿದರೆ ನಿಲ್ಲಿಸುವವರು ಯಾರು? ಅದಕ್ಕೇ ಪತ್ರ.

ಜಿನ್ನಪ್ಪ ಸಾವಕಾರರ ಮನೆಯವರು ನಿನ್ನ ಪೂನಮಳನ್ನು ಬೇಡವೆಂದರು. ಒಳ್ಳೆ ನೌಕರಿ ಸಿಗುವವರೆಗೆ ಮದುವೆಯ ಮಾತೇ ಬೇಡ ಎನ್ನುವ ಹುಡುಗಿ, ಕನ್ಯೆ ನೋಡುವ ಕಾರ್ಯಕ್ಕೆ ರಾಯಬಾಗ ಬಿಟ್ಟು ಬರುವುದಿಲ್ಲವೆಂದು ನಾವಿಬ್ಬರೂ ಸೇರಿ ಅದಕ್ಕೆ ಇಂಟರ್‌ವ್ಯೂ ಅಂತ ಹೆಸರಿಟ್ಟೆವಲ್ಲ, ಅದೇನೋ ಚೆನ್ನಾಗಿಯೇ ನಡೆಯಿತು. ತಂಬಾಕಿನ ಮೂಟೆ ತುಂಬಿದ ವಖಾರಿಯ ಆಫೀಸಿನಲ್ಲಿ ಸಾವಕಾರರು, ಸಾವಕಾರ್ತಿ, ಮಗ ಸಮ್ಮೇದ ಸಾಲಾಗಿ ಕೂತಿದ್ದರು. ಲೆಕ್ಕ ಕೊಟ್ಟರು, ಮಾಡಿದಳು. "ಆ ಕಪಾಟಿನ ತನಕ ನಡದ ಹೋಗಿ ಫೈಲ್ ತಗೊಂಡ ಬಾರವ್ವಾ" ಎಂದರು ಸಾವಕಾರ್ತಿ. ನಡಿಗೆ ನೋಡುತ್ತಿದ್ದಾರೆಂದು ಪಾಪ ಅವಳಿಗೇನು ಗೊತ್ತು! ಓಡಿಹೋಗಿ ತಂದುಕೊಟ್ಟಳು.

ಕೆಟ್ಟದ್ದು ಆಮೇಲೆ. ಮೂವರಿಗೂ ಒಂದೊಂದು ಥ್ಯಾಂಕ್ಯೂ ಬರೆದು ಅಂಚೆಗೆ ಹಾಕಿದ್ದಾಳೆ. ಸಮ್ಮೇದನಿಗೂ! ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು, ಉತ್ತರಕ್ಕೆ ಕಾಯುತ್ತಿರುತ್ತೇನೆ ಅಂತ. ಕೆಳಗೆ ಮೊಬೈಲ್ ನಂಬರು. ಸಾವಕಾರ್ತಿ ಬಸದಿಯಲ್ಲಿ ಹೆಂಗಸರೆದುರು ಓದಿ ಬಾಯಿಗೆ ಸೆರಗು ಹಿಡಿದರು. "ನಾವಿನ್ನೂ ಹೂಂ ಅಂದಿಲ್ಲ, ಆಗಲೇ ಹುಡುಗಿನ ಹುಡುಗಗ ಪತ್ರ ಬರದಾಳಲ್ರೀ ಕಮಲಾಬಾಯಿ! ಇಂಥಾಕಿನ್ನ ಮನಿ ತುಂಬಿಸ್ಕೊಳ್ಳೂದ ಹೆಂಗ್ರಿ?"

ಎಲ್ಲರೂ ನಕ್ಕರು. ನಾನೊಬ್ಬಳೇ ಮುಖ ಗಂಟು ಹಾಕಿಕೊಂಡು ಕೂರಲಾಗುತ್ತದೆಯೇ? ನಾನೂ ನಕ್ಕೆ.

ನೌಕರಿಯನ್ನಾದರೂ ಕೊಡಿ ಎಂದು ಕೇಳಿದೆ. ತಾವು ಬೇಡವೆಂದ ಹುಡುಗಿ ದಿನಾ ಹುಡುಗನ ಕಣ್ಣೆದುರು ಕೂರುವುದು ಸರಿಯಲ್ಲವಂತೆ. ಲೆಕ್ಕ ಬರೆಯುವ ಆ ಕುರ್ಚಿಗೆ ಸುಜಯ ಎಂಬವನನ್ನು ತೆಗೆದುಕೊಂಡಿದ್ದಾರೆ. ಪೂನಮಳಷ್ಟು ಚುರುಕಿಲ್ಲವೆಂದು ಸಾವಕಾರರೇ ಹೇಳಿದರು.

ಅವಳು ದಿನಾ ನನಗೆ ಫೋನ್ ಮಾಡುತ್ತಾಳೆ. "ದೊಡ್ಡವ್ವಾ, ಯಾವಾಗ ಹಾಜರಾಗ್ಲಿ? ಇಲ್ಲಿ ಅಂಗಡಿ ಕೆಲಸ ಬಿಟ್ಟೇನಿ" ಅಂತ. ನಾನು ಏನೂ ಹೇಳಿಲ್ಲ. ಹೆತ್ತವಳು ನೀನು, ನೀನೇ ಹೇಳು.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಗವಂತ ಪೂನಮಳಿಗೆ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ಕಮಲಾಬಾಯಿ

ತಾ.ಕ.: ಹೇಳುವುದೇ ಮರೆತೆ. ಸಮ್ಮೇದನಿಗೆ ನನ್ನ ಮಗಳು ಸೋನಾಲಿಯೇ ನಿಶ್ಚಯವಾದಳು. ತುಟಿ ಬಿಚ್ಚದ ಹುಡುಗಿ ಅಂತ ಸಾವಕಾರ್ತಿಗೆ ಬಹಳ ಮೆಚ್ಚುಗೆ. ಅಂದು ಊರಿಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಪೂನಮ, "ಇಂಟರ್‌ವ್ಯೂ ಆದಮ್ಯಾಲ ಥ್ಯಾಂಕ್ಯೂ ಬರೀಬೇಕಂತ ಕಾಲೇಜಿನ್ಯಾಗ ಹೇಳ್ಯಾರ, ಬರೀಲ್ಯಾ ದೊಡ್ಡವ್ವಾ?" ಎಂದು ಕೇಳಿದಳು. ಬರಿಯವ್ವಾ ಎಂದೆ, ಸಮ್ಮೇದನ ಪೂರ್ತಿ ಹೆಸರು, ವಿಳಾಸ ನಾನೇ ಹೇಳಿದೆ. ಅವಳ ಅಕ್ಷರ ಬಲು ಚಂದ. ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ಅವಳನ್ನು ಬೇಗ ಕಳಿಸು. ಹೇಗೂ ಈಗ ಕೆಲಸವಿಲ್ಲ.