ಅಂಪಾರೊಳ ಹಬೆಪಾತ್ರೆ

ಅಕ್ಕಾ,

ಇಲ್ಲಿ ಕಡಲತೀರದ ಊರಿನ ಚಳಿಗಾಲವೆಂದರೆ ಮಧ್ಯಾಹ್ನದ ನಿದ್ದೆಯ ಹಾಗೆ. ಪೆಲಿಕನ್‌ಗಳೂ ತೂಕಡಿಸುತ್ತಲೇ ಹಾರುತ್ತವೆ. ಮಂಡಿನೋವು ಮಾಯವಾಗಿದೆ.

ಮೂವರು ಅರಸರ ಹಬ್ಬದ ಬ್ರೆಡ್ಡಿನಲ್ಲಿ ಅಡಗಿಸಿಟ್ಟ ಪುಟ್ಟ ಗೊಂಬೆ ಈ ಸಲ ನನ್ನ ಹೋಳಿನಲ್ಲೇ ಸಿಕ್ಕಿತು! ಸಿಕ್ಕವರು ಫೆಬ್ರವರಿಯ ಕಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ಜೋಳದ ಹಿಟ್ಟಿನ ಕಡುಬು, ತಮಾಲೆ, ಬಡಿಸಬೇಕಲ್ಲ, ಹೆದರಿ ಅದನ್ನು ನಾಲಿಗೆಯಡಿ ಬಚ್ಚಿಟ್ಟುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯ ಕೆನಡಾದಾಕೆ ಏನೋ ಕೇಳಿದಳು. ನನ್ನ ಕಾಲೇಜಿನ ಇಂಗ್ಲಿಷ್ ಸುಮ್ಮನಿರುತ್ತದೆಯೇ? “ವೆರಿ ಗುಡ್ ಬ್ರೆಡ್, ಮೇಡಂ” ಎನ್ನುವಷ್ಟರಲ್ಲಿ ಗೊಂಬೆ ಹಾರಿ ಅವಳ ಲೋಟಕ್ಕೆ ಬಿತ್ತು.

“ಸಿಕ್ಕಿಬಿದ್ರಲ್ಲ ದೊನ್ ಎಲಾದಿಯೊ! ಅಂಗಡೀದು ತಂದ್ರೆ ಕೋಣೆ ಖಾಲಿ ಮಾಡಿಸ್ತೀನಿ, ನಿಮ್ಮ ಕೈಯಡುಗೇನೇ ಆಗ್ಬೇಕು” ಎಂದಳು ಮನೆಯೊಡತಿ ಚಾಯೊ.

ತಮಾಲೆ ಮಾಡುತ್ತಿದ್ದವಳು ನನ್ನಾಕೆ ಅಂಪಾರೊ. ನಾನು ಪಕ್ಕದಲ್ಲಿ ಹರಟುತ್ತಿದ್ದೆ. ಹಬೆಪಾತ್ರೆಯ ತಳಕ್ಕೆ ಅವಳೊಂದು ನಾಣ್ಯ ಹಾಕುತ್ತಿದ್ದಳಲ್ಲ, ಅದರ ಕಟಕಟ ಸದ್ದು ನಿಂತರೆ ನೀರು ಬತ್ತಿತೆಂದು ಗೊತ್ತಾಗಲು? ಇಲ್ಲಿ ಅಲೆ ಹಿಂದೆ ಸರಿಯುವಾಗ ದಡದ ಕಲ್ಲುಗಳದ್ದೂ ಅದೇ ಸದ್ದು. ಕೇಳುತ್ತಾ ಕೂತರೆ ಸಂಜೆಯಾಗಿಬಿಡುತ್ತದೆ.

ಅವಳು ತೀರಿಹೋದಮೇಲೆ ಆ ಪಾತ್ರೆಯ ಮುಚ್ಚಳ ನಾನು ತೆಗೆದಿಲ್ಲ. ನೀನೂ ತೆಗೆಯಬೇಡ, ಹಾಗೇ ಅಲ್ಲಿಂದ ಬಸ್ಸಿಗೆ ಹಾಕಿ ಕಳಿಸು. ಇಲ್ಲಿ ನಾನೇ ತೆಗೆಯುತ್ತೇನೆ.

ಕಾರ್ಡು ತುಂಬಿತು.
ನಿನ್ನ ತಮ್ಮ ಎಲಾದಿಯೊ