ಎಡ ನಳಿಗೆಯಲ್ಲಿ ಉಳಿದ ಈಡು

ಸ್ಫೋಟಕ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳೇ,

ಕಳೆದ ನವೆಂಬರಿನ ಎರಡನೆಯ ಶನಿವಾರ ಬೆಳಿಗ್ಗೆ, ಡರ್ಬಿಯ ಹೊರಗಿರುವ ನಮ್ಮ ಕ್ಲಬ್ಬಿನ ಮೈದಾನದಲ್ಲಿ, ತೀರಿಕೊಂಡ ಗೆಳೆಯನೊಬ್ಬನಿಗಾಗಿ ಎರಡು ಈಡು ಹಾರಬೇಕಿತ್ತು. ಒಂದು ಹಾರಿತು. ಇನ್ನೊಂದು ಹಾರಲಿಲ್ಲ. ಹಾರದೆ ಉಳಿದದ್ದಕ್ಕೆ ನಿಮ್ಮ ಕಚೇರಿ ಹೊಣೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಏಕೆ ಎಂದು ಕೇಳಬಹುದು. ಇಂಗ್ಲಿಷಿನಲ್ಲಿ ಹಲವು ಸಲ ಬರೆದು ನೋಡಿದೆ. ಪ್ರತಿ ಸಲವೂ ಕಳಿಸಿದ ಕ್ಷಣದಲ್ಲೇ ಉತ್ತರ ಬಂತು. ನನ್ನ ಪತ್ರ ತಮಗೆ ಬಹಳ ಮುಖ್ಯವೆಂದೂ, ಸದ್ಯ ಕೆಲಸದ ಒತ್ತಡವಿದೆಯೆಂದೂ ಯಂತ್ರವೊಂದು ತಿಳಿಸಿತು. ಹೇಗೂ ಓದುವುದಿಲ್ಲವೆಂದ ಮೇಲೆ ನಾನು ಯಾವ ಭಾಷೆಯಲ್ಲಿ ಬರೆದರೆ ತಮಗೇನು? ಈ ಬಹಿರಂಗ ಪತ್ರವನ್ನು ಇಂಗ್ಲೆಂಡಿನ ಕನ್ನಡಿಗರಾದರೂ ಓದಲಿ. ಇಂಗ್ಲಿಷ್ ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಯಾರಾದರೂ ಒಬ್ಬ ಮನುಷ್ಯ ಅದಕ್ಕೆ ಸಹಿ ಹಾಕಲೇಬೇಕಾಗುತ್ತದೆ.

ನಾನು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನಿನಲ್ಲಿರುವ ನಿವೃತ್ತ ವೈದ್ಯ. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ಕೊಡುವುದು ನನ್ನ ಕೆಲಸವಾಗಿತ್ತು. ಧಾರವಾಡದ ಕಡೆಯ ಲಿಂಗಾಯತ ಮನೆತನ. ನಮ್ಮಲ್ಲಿ ಕೋವಿ ಹಿಡಿದವರು ಯಾರೂ ಇಲ್ಲ. ನನ್ನ ಕೈಗೆ ಕೋವಿ ಕೊಟ್ಟವನು ಮಾಚಯ್ಯ. ಕೊಡವರವನು, ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯ ಇಂಜಿನಿಯರ್. ಸಿದ್ಧ ತೋಟೆ ತೂರಿಸುವ ಈಗಿನ ತೋಟೆ ಕೋವಿಯಲ್ಲ, ಅಜ್ಜಂದಿರ ಕಾಲದ ಕೇಪಿನ ಕೋವಿ: ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಗಜವೆಂಬ ಸರಳಿನಿಂದ ಜಡಿದು, ಹಿಂದೆ ತಾಮ್ರದ ಪುಟ್ಟ ಕೇಪು ಸಿಕ್ಕಿಸಬೇಕು. ಕುದುರೆ, ಅಂದರೆ ಕೋವಿಯ ಪುಟ್ಟ ಸುತ್ತಿಗೆ, ಬಡಿದಾಗ ಕೇಪು ಕಿಡಿ ಕೊಡುತ್ತದೆ, ಕಿಡಿ ಮದ್ದಿಗೆ ತಾಗುತ್ತದೆ. ಒಂದು ಈಡು ಹಾರಿಸಲು ಇಷ್ಟೆಲ್ಲ ಮಾಡಬೇಕಾದ್ದರಿಂದ ಸಿಟ್ಟಿನವರಿಗೆ ಇದು ತಕ್ಕ ಆಟವಲ್ಲ. “ಡಾಕ್ಟ್ರೇ, ನೀವು ಹೊಡೆದ್ರೆ ಗುರಿಗೆ ನಿದ್ದೆ ಬರುತ್ತೆ, ಪೆಟ್ಟಾಗಲ್ಲ” ಎಂದು ಮಾಚಯ್ಯ ನನ್ನನ್ನು ಗೇಲಿ ಮಾಡುತ್ತಿದ್ದ. ಹೆಂಡತಿ ದಾಕ್ಷಾಯಣಿಯ ಗೇಲಿ ಇನ್ನೂ ಹರಿತ: “ನಿಮ್ಮಪ್ಪಾರು ಇರುವಿ ತುಳೀಬಾರದಂತ ಕೆಳಗ ನೋಡಿಕೋತ ನಡೀತಿದ್ರು. ನೀವು ಶನಿವಾರ ಬಂತಂದ್ರ ಮದ್ದು ತುಂಬಾಕ ಹೊಂಟೀರಿ.”

ಮದ್ದು ಇಡಲು ನಿಮ್ಮ ನಿಯಮದಂತೆ ಮನೆಯಲ್ಲಿ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದೆ. ಅದರ ಹತ್ತಿರ ದೀಪ ಹಚ್ಚುವಂತಿಲ್ಲ, ಊದುಬತ್ತಿ ಒಯ್ಯುವಂತಿಲ್ಲ. “ದೇವರ ಮನಿಗಿಂತ ಇದಕ್ಕ ಮಡಿ ಜಾಸ್ತಿ” ಎಂದಳು ದಾಕ್ಷಾಯಣಿ. ಪೆಟ್ಟಿಗೆ ನೋಡಲು ನಿಮ್ಮ ಕಚೇರಿಯವರೇ ಬಂದಿದ್ದರು. ಸಭ್ಯ ಮನುಷ್ಯ. ಬೀಗ ಎಳೆದು ನೋಡಿದರು, ನನ್ನ ಮನಸ್ಸು ಸರಿಯಿದೆಯೆಂದು ನನ್ನ ಜಿಪಿಯಿಂದ, ಅಂದರೆ ಮನೆವೈದ್ಯರಿಂದ, ಪತ್ರ ತರಿಸಿಕೊಂಡರು, ಚಕ್ಕುಲಿ ತಿಂದರು. ನಾನು ತಕರಾರು ಮಾಡಲಿಲ್ಲ. ಮದ್ದು ಮದ್ದೇ, ಕಾವಲು ಬೇಕು. ಇಷ್ಟೆಲ್ಲ ಕಾವಲು ಕಾದ ಮೇಲೆ ಪೆಟ್ಟಿಗೆಯೊಳಗೆ ಇಡುವುದಕ್ಕೂ ಏನಾದರೂ ಸಿಗಬೇಕಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ಕೆಲವು ವರ್ಷಗಳಿಂದ ಕೇಪು ಸಿಗುತ್ತಿಲ್ಲ. ಸಿಕ್ಕರೆ ಬೆಲೆ ಹಿಂದಿನ ನಾಲ್ಕು ಪಟ್ಟು. ಮದ್ದಿನದೂ ಅದೇ ಕಥೆ. ಯುದ್ಧಗಳು ನಡೆದಿವೆ, ಕಾರ್ಖಾನೆಗಳು ಅತ್ತ ತಿರುಗಿವೆ ಎನ್ನುತ್ತಾರೆ. ಇರಬಹುದು. ಮನುಷ್ಯರನ್ನು ಕೊಲ್ಲುವವರ ಬೇಡಿಕೆ ಮೊದಲು ಪೂರೈಸಿ, ರಟ್ಟಿನ ಹಲಗೆಗೆ ಹೊಡೆಯುವವರನ್ನು ಸಾಲಿನಲ್ಲಿ ಹಿಂದೆ ನಿಲ್ಲಿಸುವುದು ಜಗತ್ತಿನ ಪದ್ಧತಿಯಾದರೆ ಅದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಆದರೆ ನಮ್ಮ ಭಾಗಕ್ಕೆಲ್ಲ ಕೇಪು, ಮದ್ದು ಮಾರುತ್ತಿದ್ದವನು ಒಬ್ಬನೇ ವ್ಯಾಪಾರಿ, ವಾಲ್ಸಾಲ್ ಹತ್ತಿರ. ಅವನ ಉಗ್ರಾಣದ ಪರವಾನಗಿ ನವೀಕರಣಕ್ಕೆ ನಿಮ್ಮ ಮೇಜಿಗೆ ಬಂತು, ಅಲ್ಲೇ ಕೂತಿತು. ವರ್ಷ ದಾಟಿತು. ನೀವು ಬೇಡವೆನ್ನಲಿಲ್ಲ, ಬೇಡವೆಂದಿದ್ದರೆ ಅವನು ಮೇಲ್ಮನವಿ ಸಲ್ಲಿಸುತ್ತಿದ್ದ. ಆಗಲಿ ಎನ್ನಲೂ ಇಲ್ಲ. ಕಾದು ಕಾದು ಅವನು ಅಂಗಡಿ ಮುಚ್ಚಿದ. ಕೇಪನ್ನು ದೂರದಿಂದ ತರಿಸೋಣವೆಂದರೆ ಅಂಚೆಯವರು ಮುಟ್ಟುವುದಿಲ್ಲ. ಕೊನೆಗೊಮ್ಮೆ ನಿಮ್ಮ ಕಚೇರಿಯ ಒಬ್ಬರು ಫೋನೆತ್ತಿದರು. ಇದು ಹವ್ಯಾಸಿಗಳ ಸಾಮಗ್ರಿ, ತುರ್ತಿನದಲ್ಲ ಎಂದರು.

ನಿಜ, ಹವ್ಯಾಸವೇ. ಅದಕ್ಕಿಂತ ದೊಡ್ಡ ಹೆಸರು ನಾನು ಕೊಡುವುದಿಲ್ಲ. ಆದರೂ ನನಗೆ ಸ್ವಲ್ಪ ಹಳೆಯದು ನೆನಪಿರುತ್ತದೆ. ನೀವಿರುವ ಈ ಬರ್ಮಿಂಗ್‌ಹ್ಯಾಮಿನ ಒಂದು ಮೊಹಲ್ಲಾ ತಲೆತಲಾಂತರ ಕೋವಿಯನ್ನೇ ಮಾಡಿ ಬದುಕಿತು. ಹಡಗುಗಟ್ಟಲೆ ಕೋವಿ ಆಫ್ರಿಕಾಕ್ಕೂ ಹೋದವು, ನಮ್ಮ ಕಡೆಗೂ ಬಂದವು. ಹೋದಲ್ಲಿ ಅವು ಏನು ಮಾಡಿದವೆಂದು ಆಗ ಯಾರಾದರೂ ಕೇಳಿದರೇ, ಜಿಪಿಯಿಂದ ಪತ್ರ ತರಿಸಿಕೊಂಡರೇ? ಮಾಚಯ್ಯನ ಜೋಡು ನಳಿಗೆಯ ಕೋವಿಯ ಮೇಲೂ ಈ ಊರಿನ ಮುದ್ರೆಯೇ ಇದೆ. ತನ್ನ ಅಜ್ಜನ ಕೈಯಲ್ಲಿದ್ದಂಥದ್ದೇ ಎಂದು ಇಲ್ಲಿಯ ಹರಾಜಿನಲ್ಲಿ ಕೊಂಡಿದ್ದ. ಅವನ ಊರಿನಲ್ಲಿ ಕೊಡವರಿಗೆ ಕೋವಿಯ ಪರವಾನಗಿಯಿಂದ ಕಾನೂನೇ ವಿನಾಯಿತಿ ಕೊಟ್ಟಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಮಗು ಹುಟ್ಟಿದರೆ ಒಂದು ಈಡು ಹಾರಿಸುತ್ತಾರೆ, ಸಾವಾದರೆ ಎರಡು. ಅಕ್ಕಪಕ್ಕದವರು ಅದನ್ನು ಕೇಳಿ ಯಾವ ಮನೆಗೆ ಹೇಗೆ ಹೋಗಬೇಕೆಂದು ತಿಳಿದುಕೊಳ್ಳುತ್ತಾರೆ.

ಅಕ್ಟೋಬರ್ ಕೊನೆಯಲ್ಲಿ ಮಾಚಯ್ಯ ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ಯಾನ್ಸರ್. ವೈದ್ಯನಾಗಿ ನನಗೆ ಎಲ್ಲವೂ ಮೊದಲೇ ಗೊತ್ತಿತ್ತು, ಅದರಿಂದ ಏನೂ ಹಗುರವಾಗಲಿಲ್ಲ. ದಹನದ ಮಾರನೆಯ ದಿನ ಅವನ ಹೆಂಡತಿ ದೇಚಮ್ಮ ನನಗೆ ಫೋನ್ ಮಾಡಿದರು.

“ಡಾಕ್ಟ್ರೇ, ಅವರ ಕೋವಿಯಲ್ಲೇ ಹಾರಿಸಬೇಕು. ಎರಡು. ಸತ್ತ ನೆಲದಿಂದಲೇ ಹಾರಬೇಕು.”

“ಆಯ್ತಮ್ಮ” ಎಂದೆ.

“ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ನನ್ನ ಬಾಯಿಂದ ಆಗಲ್ಲ. ಫೋನಿನಲ್ಲಿ ಕೇಳಿಸ್ತೇನೆ, ಅವರಿಗೆ ಅಷ್ಟೇ ಸಾಕು.”

ದೊಡ್ಡಮ್ಮ ಎಂದರೆ, ಎಳವೆಯಲ್ಲೇ ತಾಯಿ ಹೋದ ಮೇಲೆ ಮಾಚಯ್ಯನನ್ನು ಸಾಕಿದವರು. ತೊಂಬತ್ತು ದಾಟಿದೆ, ವಿರಾಜಪೇಟೆಯಲ್ಲಿ ತಮ್ಮ ಮಗನ ಜೊತೆ ಇದ್ದಾರೆ.

ಈ ಮಾತಿಗಾಗಿ ನಮ್ಮ ಕ್ಲಬ್ಬಿನವರು ಮನೆಯ ಮೂಲೆಗಳನ್ನೆಲ್ಲ ತಡಕಾಡಿದರು. ಮದ್ದು ಎರಡು ಈಡಿಗಾಗುವಷ್ಟು ಸಿಕ್ಕಿತು, ಅಷ್ಟೇ. ಕೇಪು ಯಾರಲ್ಲೂ ಇರಲಿಲ್ಲ. ಕಡೆಗೆ ನಮ್ಮ ಅಧ್ಯಕ್ಷ ಡೆರೆಕ್ ತನ್ನ ಶೆಡ್ಡಿನಿಂದ ತಳ ಕಂಡ ಒಂದು ಹಳೆಯ ಡಬ್ಬಿ ತಂದ. ತುಕ್ಕು ಹಿಡಿದಿತ್ತು. ಅಲ್ಲಾಡಿಸಿದರೆ ಒಳಗೆ ನಾಲ್ಕೈದು ಕೇಪು ಸದ್ದು ಮಾಡಿದವು. ನಾವು ಅಷ್ಟಕ್ಕೇ ಸಂತೋಷಪಟ್ಟೆವು.

ಆ ಶನಿವಾರ ಎರಡೂ ನಳಿಗೆ ನಾನೇ ತುಂಬಿದೆ. ಸಾವಿನ ಈಡಿಗೆ ಗುಂಡು ಬೇಡ, ಮದ್ದು ಮತ್ತು ಮೇಲೊಂದು ಬಿರಡೆ. ದೊಡ್ಡಮ್ಮನಿಗೆ ಕೇಳಿಸಲೆಂದು ದೇಚಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಪಕ್ಕದಲ್ಲಿ ಮಗಳು ಪೃಥ್ವಿ, ಟಿವಿ ಕಚೇರಿಗಳಿರುವ ಮೀಡಿಯಾಸಿಟಿಯಲ್ಲಿ ಕೆಲಸ, ಮದುವೆಯಾಗಿ ಎರಡು ವರ್ಷ. ಬಲ ನಳಿಗೆ ಹಾರಿತು. ಹೊಗೆ ಗಾಳಿಗೆ ನಮ್ಮ ಕಡೆಗೇ ಬಂತು. ಎಡ ನಳಿಗೆಯ ಕುದುರೆ ಬಡಿಯಿತು. ಟಿಕ್ ಎಂದಿತು. ಅಷ್ಟೇ.

ಕೇಪು ಹುಸಿಯಾದರೆ ಕೋವಿ ಇಳಿಸುವಂತಿಲ್ಲ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದೆಂದು ಬಾಯಿ ಮೈದಾನದ ಕಡೆಗೇ ಹಿಡಿದು, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ನಿಂತೆವು. ಅಷ್ಟರಲ್ಲಿ ಫೋನಿನಿಂದ ದೊಡ್ಡಮ್ಮನ ದನಿ ಬಂತು. ಕೊಡವ ಭಾಷೆ, ನನಗೂ ಅರ್ಥವಾಯಿತು. ಬಹಳ ಖುಷಿಯ ದನಿ.

“ಪೃಥ್ವಿಗೆ ಮಗು ಆಯ್ತಾ? ಯಾರೂ ಹೇಳಲೇ ಇಲ್ಲವಲ್ಲ ನನಗೆ. ಮಾಚು ಎಲ್ಲಿ? ಅವನ ಕೈಗೆ ಕೊಡಿ.”

ಡಬ್ಬಿಯಲ್ಲಿದ್ದ ಉಳಿದ ಕೇಪುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ಪ್ರತಿಯೊಂದಕ್ಕೂ ಟಿಕ್, ಮತ್ತೆ ಅದೇ ನಿಲ್ಲುವುದು. ದೇಚಮ್ಮ “ಆಮೇಲೆ ಮಾಡ್ತೇನೆ ದೊಡ್ಡಮ್ಮ” ಎಂದು ಫೋನ್ ಇಟ್ಟರು. ಡೆರೆಕ್ ಅವರ ಹತ್ತಿರ ಹೋಗಿ “ಸಾರಿ, ಡಕ್” ಎಂದ. ಡರ್ಬಿಯವರು ಪ್ರೀತಿಯಿಂದ ಎಲ್ಲರನ್ನೂ ಹಾಗೇ ಕರೆಯುತ್ತಾರೆ.

ಬೇರೆ ಕೋವಿ ತರಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇದ್ದ ಮದ್ದೆಲ್ಲ ಎಡ ನಳಿಗೆಯೊಳಗೆ ಕೂತಿತ್ತು. ಇನ್ನು ತೋಟೆ ಕೋವಿಗೆ ಆ ಮೈದಾನದಲ್ಲಿ ಅವಕಾಶವಿಲ್ಲ. ಹಾಗೆಂದು ಬರೆದು ಕೊಟ್ಟವರು ತಾವೇ. ನಾವು ನಿಯಮ ಪಾಲಿಸಿದೆವು. ಆ ಮಧ್ಯಾಹ್ನ ಉದ್ದನೆಯ ತಿರುಪು ಹಾಕಿ, ನಳಿಗೆಯಿಂದ ಬಿರಡೆ ಕಿತ್ತು, ಮದ್ದನ್ನು ಬಕೆಟ್ಟಿನ ನೀರಿಗೆ ಸುರಿದೆ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಈಗಲೂ ಬಂದಿಲ್ಲ. ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ, ಟಿವಿ ನೋಡುತ್ತೇನೆ. ಸೂಜಿ ಚುಚ್ಚಿದ ಮೇಲೆ ರೋಗಿಗಳು “ಮುಟ್ಟಿದ್ದು ಗೊತ್ತಾಗುತ್ತೆ, ನೋವು ಗೊತ್ತಾಗಲ್ಲ” ಎನ್ನುತ್ತಿದ್ದರು. ಹಾಗಿದ್ದೇನೆ. ಈ ಪತ್ರದಲ್ಲಿ ಕೂಗಾಟ ಕಾಣದಿದ್ದರೆ ವಿಷಯ ಸಣ್ಣದೆಂದು ತಿಳಿಯಬೇಡಿ.

ದೊಡ್ಡಮ್ಮ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ದೇಚಮ್ಮ ಎತ್ತುವುದಿಲ್ಲ. ವಿರಾಜಪೇಟೆಯ ಮನೆಯವರು ಹೇಳಿಬಿಡಬಹುದಿತ್ತು, ಹೇಳುತ್ತಿಲ್ಲ. “ಈಡು ನಿಮ್ಮ ಮನೆಯದು, ನೀವೇ ಹಾರಿಸಿ, ಆಮೇಲೆ ನಾವು ಹೇಳ್ತೇವೆ” ಎನ್ನುತ್ತಾರೆ ಅವರು. ಅವರದು ತಪ್ಪೆನ್ನಲಾರೆ. ಜನವರಿಯಲ್ಲಿ ಊರಿಂದ ಬಂದವರೊಬ್ಬರ ಕೈಯಲ್ಲಿ ಒಂದು ಪೊಟ್ಟಣ ಬಂತು. ಪೃಥ್ವಿ ಬಿಚ್ಚಿದಳು. ದೊಡ್ಡಮ್ಮ ಕೈಯಾರೆ ಹೆಣೆದ, ಮಗುವಿನ ಉಣ್ಣೆಯ ಕಾಲುಚೀಲ. “ವಾಟ್ ಡೂ ಐ ಡೂ ವಿತ್ ದೀಸ್, ಅಂಕಲ್?” ಎಂದು ನನ್ನನ್ನು ಕೇಳಿದಳು. ಪರವಾನಗಿ ವಿಭಾಗದ ಮುಖ್ಯಾಧಿಕಾರಿಯನ್ನು ಕೇಳು ಎನ್ನಬಹುದಿತ್ತು, ಆದರೆ ನಿಮ್ಮ ಹೆಸರು ನನಗೆ ಗೊತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ವ್ಯಾಪಾರಿಯ ಅರ್ಜಿಯನ್ನು ಯಾವ ಕಾರಣಕ್ಕೆ ಹಾಗೆ ಇಟ್ಟುಕೊಂಡಿರಿ? ಅದನ್ನು ಈಗ ತೀರ್ಮಾನ ಮಾಡುತ್ತೀರಾ, ಇಲ್ಲವಾ? ಅನುಮತಿ, ತಪಾಸಣೆ, ಶುಲ್ಕ ಎಲ್ಲ ಮುಗಿಸಿ ಕೂತವರಿಗೆ ಕೇಪು ಮತ್ತು ಮದ್ದು ಈ ಭಾಗದಲ್ಲಿ ಎಲ್ಲಿ ಸಿಗಬೇಕೆಂದು ನಿಮ್ಮ ಯೋಚನೆ? ಮಾರ್ಚ್ ಕೊನೆಯಲ್ಲಿ ದೇಚಮ್ಮ ಅಸ್ಥಿ ತೆಗೆದುಕೊಂಡು ಊರಿಗೆ ಹೊರಡುತ್ತಾರೆ. ಅವರು ಆ ಮನೆಯ ಬಾಗಿಲು ದಾಟುವುದರೊಳಗೆ ದೊಡ್ಡಮ್ಮನಿಗೆ ವಿಷಯ ತಿಳಿದಿರಬೇಕು. ಅಂದರೆ ಅಷ್ಟರೊಳಗೆ ಈ ನೆಲದಿಂದ ಎರಡು ಈಡು ಹಾರಿರಬೇಕು. ನನಗೆ ವೈಯಕ್ತಿಕವಾಗಿ ಪತ್ರ ಬರೆಯಬೇಡಿ, ಯಂತ್ರದ ಕೈಯಲ್ಲಂತೂ ಬರೆಸಬೇಡಿ. ನಿಮ್ಮ ಉತ್ತರ ಎಲ್ಲರೂ ಓದುವ ಕಡೆ ಪ್ರಕಟವಾಗಲಿ, ಅದರ ಕೆಳಗೆ ಬರೆದವರ ಹೆಸರಿರಲಿ.

ಇಂತಿ,
ಪರವಾನಗಿಗಳೆಲ್ಲ ಕ್ರಮಬದ್ಧವಾಗಿರುವ, ಪೆಟ್ಟಿಗೆ ಖಾಲಿಯಿರುವ
ಗುರುಸಿದ್ದಪ್ಪ
ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್