ಮಕ್ಕಳ ಭಾನುವಾರದ ಮೊದಲ ತಟ್ಟೆ

ಅಕ್ಟೋಬರ್ 12, ಭಾನುವಾರ

ಸಮಸ್ತ ಸಮೋವಾ ಗಮನಿಸತಕ್ಕದ್ದು: ಈ ದಿನ ತೆಂಗಿನ ಹಾಲಲ್ಲಿ ಕೆಸುವಿನೆಲೆ ಬೇಯಿಸಿದ ಪಲುಸಾಮಿಯ ಮೊದಲ ತಟ್ಟೆ ನನಗೇ ಸಂದಿತು! ಮಕ್ಕಳ ಭಾನುವಾರದಂದು ಹಿರಿಯರು ಬಡಿಸುತ್ತಾರೆ, ಮಕ್ಕಳು ಮೊದಲು ಉಣ್ಣುತ್ತಾರೆ. ನನಗೆ ಇಪ್ಪತ್ತಾರು. ಮೀಸೆ ಮೂಡಿಲ್ಲ, ದನಿ ಒಡೆದಿಲ್ಲ.

“ಬಾರೋ ಮರಿ, ಪುಟಾಣಿಗಳ ಸಾಲಲ್ಲಿ ಕೂತ್ಕೊ. ಗಡ್ಡ ಬಂದ್ಮೇಲೆ ನೀನೂ ಬಡಿಸೀಯಂತೆ!” ಎಂದಳು ಫುವಾಟಿನೊ ಅತ್ತೆ. ಎಲ್ಲರೂ ನಕ್ಕರು. ನಾನು ಉಂಡೆ.

ಮೊನ್ನೆ ನಾನೇ ಆಸ್ಪತ್ರೆಗೆ ಹೋದಾಗ ಡಾಕ್ಟರು ಗಡ್ಡದ ಮಾತೇ ಎತ್ತಲಿಲ್ಲ. “ವಾಸನೆ ಗೊತ್ತಾಗುತ್ತಾ?” ಎಂದರು. ಹುಟ್ಟಿನಿಂದಲೇ ಇಲ್ಲ ಎಂದೆ. ಒಂದೇ ಜೀನಿನ ದೋಷವಂತೆ. ಮೂಗನ್ನೂ ಕೆಡಿಸಿದೆ, ಪ್ರಾಯ ತರುವ ಹಾರ್ಮೋನನ್ನೂ ತಡೆದಿದೆ. ಮನೆಯವರು ಮೂಗಿಗೊಮ್ಮೆ, ಗಲ್ಲಕ್ಕೊಮ್ಮೆ ನಕ್ಕರೇ ಹೊರತು ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಚುಚ್ಚುಮದ್ದಿನಿಂದ ಗಡ್ಡ ಬರಬಹುದು. ವಾಸನೆ ಬಾರದು.

ನನ್ನ ದಿನಚರಿಯನ್ನು ಕದ್ದು ಓದುತ್ತಿರುವವರೇ, ಬಾಗಿಲ ಹಿಂದಿನ ಬಿಳಿ ಅಂಗಿಯನ್ನು ಮೂಸಿ, ಒಗೆಯಬೇಕೋ ಬೇಡವೋ ಹೇಳಿ ಹೋಗಿ.